ಕೆರೆಯ ನೀರಿನ ಲೋಹವಿಷವೂ ತೆಂಗಿನ ಚಿಪ್ಪಿನ ಇದ್ದಲೂ

ನಮ್ಮ ತುಮಕೂರು ಸೀಮೆಯಲ್ಲಿ ನೀರಿನ ಪ್ರಸ್ತಾಪ ಬಂದಾಗಲೆಲ್ಲ ಗ್ರಾಮಸ್ಥರು ಕೇಳುವ ಪ್ರಶ್ನೆ ಒಂದೇ: ನೀರು ಎಷ್ಟು ಬಂತು? ಹೇಮಾವತಿಯ ನಾಲೆಯಲ್ಲಿ ಎಷ್ಟು ದಿನ ಹರಿಯಿತು, ಬುಗುಡನಹಳ್ಳಿ ಕೆರೆಗೆ ಎಷ್ಟು ಸೇರಿತು, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಕೋಡಿ ಬಿದ್ದಿತೋ ಇಲ್ಲವೋ, ಜನಪದರು ಹಾಡಿ ಹೊಗಳಿದ ಕುಣಿಗಲ್ ದೊಡ್ಡಕೆರೆಯ ತೂಬನ್ನು ಯಾವಾಗ ಎತ್ತುವರು ಎಂಬುದೇ ಸಂತೆಯಲ್ಲಿಯೂ ಜಗಲಿಯ ಮೇಲೆಯೂ ನಡೆಯುವ ಮಾತು. ಮಳೆಯ ಆಸರೆ ಅಷ್ಟಕ್ಕಷ್ಟೇ ಇರುವ ಈ ಪ್ರಾಂತದಲ್ಲಿ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಂದ ನೀರು ಎಂಥದು ಎಂಬ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ. ಹಾಗೆ ಕೇಳಿದವರಿಗೂ ಈಚೆಗೆ ಒಂದು ಸುಲಭವಾದ ಉತ್ತರ ದೊರೆಯುತ್ತಿದೆ. ನೀರಿನಲ್ಲಿ ಏನೇ ಕಲೆತಿರಲಿ, ಇದ್ದಲಿನ ಮೂಲಕ ಸೋಸಿದರೆ ಆಯಿತು ಎಂಬುದೇ ಆ ಉತ್ತರ. ಇದರಲ್ಲಿ ಸತ್ಯಾಂಶ ಉಂಟು. ಆದರೆ ಅರೆ ಸತ್ಯವನ್ನು ನಂಬಿ ಹಣ ಸುರಿದು, ಹಣಕ್ಕಿಂತ ಹೆಚ್ಚಾಗಿ ಆರೋಗ್ಯವನ್ನು ಕಳೆದುಕೊಳ್ಳುವ ಸಂಭವವಿರುವುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಗ್ರಾಮದ ಯಜಮಾನರ, ಪಂಚಾಯತಿಯ ಮುಖಂಡರ ಮತ್ತು ಜಮೀನುದಾರರ ಮುಂದೆ ಇಡಬೇಕೆಂದು ತೋರಿತು.

ಇಲ್ಲಿ ನಾವು ಹೇಳಹೊರಟಿರುವುದು ಕೆಸರಿನ ಮಾತಲ್ಲ, ರೋಗಾಣುಗಳ ಮಾತೂ ಅಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಪಾದರಸ, ಪಾಷಾಣವೆಂದು ನಮ್ಮವರು ಕರೆಯುವ ಆರ್ಸೆನಿಕ್, ಇವುಗಳ ಮಾತು. ಕೆಸರು ನಿಂತರೆ ತಳಕ್ಕಿಳಿಯುವುದು. ನಮ್ಮ ಅಜ್ಜಿಯರು ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ಉಜ್ಜಿ ಬಗ್ಗಡವನ್ನು ತಿಳಿಗೊಳಿಸುತ್ತಿದ್ದರು. ರೋಗಾಣುಗಳು ನೀರು ಕುದಿದರೆ ಸಾಯುವುವು. ಕರಗಿದ ಲೋಹವಾದರೋ ಉಪ್ಪಿನಂತೆ ನೀರಿನೊಡನೆ ಒಂದಾಗಿರುವುದು. ಅಪಾಯವುಂಟುಮಾಡುವಷ್ಟು ಇದ್ದರೂ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ರುಚಿಯೂ ತಿಳಿಯದು. ಕುದಿಸಿದರೆ ಹೋಗದು; ನೀರು ಆವಿಯಾಗಿ ತಗ್ಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುವುದು. ಭಾರತೀಯ ಮಾನಕ ಸಂಸ್ಥೆಯವರು ಕುಡಿಯುವ ನೀರಿಗೆ 2012ರಲ್ಲಿ ಪರಿಷ್ಕರಿಸಿದ ನಿಯಮದಂತೆ ಒಂದು ಲೀಟರಿನಲ್ಲಿ ಸೀಸವು 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಒಟ್ಟು ಕ್ರೋಮಿಯಂ 0.05, ನಿಕಲ್ 0.02, ಪಾದರಸ 0.001 ಮಿಲಿಗ್ರಾಮನ್ನು ಮೀರಕೂಡದು. ಮಿಲಿಗ್ರಾಂ ಎಂದರೆ ಗ್ರಾಮಿನ ಸಾವಿರದಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮವಾದುದನ್ನು ಕಣ್ಣಿನಿಂದ ನೋಡಿ 'ನಮ್ಮ ಬಾವಿಯ ನೀರು ಚೊಕ್ಕವಾಗಿದೆ' ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಇದು ಪಟ್ಟಣಿಗರ ಚಿಂತೆ, ಜಮೀನುದಾರರಿಗೆ ಇದರಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಜಪಾನ್ ದೇಶದಲ್ಲಿ ಜಿಂಜು ಎಂಬ ನದಿಯ ಮೇಲುಭಾಗದ ಸತು ಮತ್ತು ಸೀಸದ ಗಣಿಯಿಂದ ಇಳಿದ ಕ್ಯಾಡ್ಮಿಯಂ ಕೆಳಗಿನ ಬತ್ತದ ಗದ್ದೆಗಳನ್ನು ಸೇರಿತು. ಅಲ್ಲಿ ಬೆಳೆದ ಅಕ್ಕಿಯನ್ನು ವರುಷಗಟ್ಟಲೆ ಉಂಡವರಿಗೆ, ಅವರಲ್ಲಿಯೂ ವಯಸ್ಸಾದ ಹೆಂಗಸರಿಗೆ, ಮೂತ್ರಪಿಂಡ ಕೆಟ್ಟು ಎಲುಬುಗಳು ಮೆತ್ತಗಾಗಿ ಮುರಿಯಹತ್ತಿದುವು. ನೋವಿನಿಂದ ಅವರು ಕೂಗುತ್ತಿದ್ದ ಮಾತೇ ಆ ರೋಗಕ್ಕೆ ಹೆಸರಾಗಿ 'ಇತಾಯಿ-ಇತಾಯಿ' ಎಂದಾಯಿತು. 1968ರಲ್ಲಿ ಆ ದೇಶದ ಸರ್ಕಾರ ಇದು ಗಣಿಯ ಮಾಲಿನ್ಯದಿಂದ ಬಂದದ್ದೆಂದು ಒಪ್ಪಿತು; ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮೂವತ್ತು ವರುಷಗಳಿಗೂ ಮೀರಿ ನಡೆದು 2012ರಲ್ಲಿ ಮುಗಿಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮಿಯಂ ಲವಣವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದು ಕಳೆದ ಶತಮಾನದ ಕೊನೆಯಲ್ಲಿ ಮುಚ್ಚಿಹೋದಾಗ ಲಕ್ಷಕ್ಕೂ ಮೀರಿದ ಟನ್ನುಗಳಷ್ಟು ಕಸವನ್ನು ಬಯಲಿನಲ್ಲಿ ಬಿಟ್ಟುಹೋಯಿತು. ಸುತ್ತಲಿನ ಅಂತರ್ಜಲ ಹಳದಿಗೆ ತಿರುಗಿತು. ನಮ್ಮ ನಾಡಿನಲ್ಲಿಯೇ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡದಲ್ಲಿ, ಮುಚ್ಚಿದ ಚಿನ್ನದ ಗಣಿಯ ಸಮೀಪದ ನೀರಿನಲ್ಲಿ ಪಾಷಾಣವಿದ್ದು, ಜನರ ಚರ್ಮದ ಮೇಲೆ ಅದರ ಗುರುತುಗಳು ಕಂಡುಬಂದದ್ದು ವೈದ್ಯರ ಹಾಗೂ ಸಂಶೋಧಕರ ದಾಖಲೆಗಳಲ್ಲಿದೆ. ಇಂಥ ಕಡೆ ಭೂಮಿಯ ಬೆಲೆ ಏನಾಗುವುದೆಂಬುದನ್ನು ಜಮೀನುದಾರರಿಗೆ ನಾವು ವಿವರಿಸಬೇಕಾಗಿಲ್ಲ.

ನಮ್ಮ ಮೂರು ತಾಲ್ಲೂಕುಗಳ ನೆಲದ ಇಳಿಜಾರನ್ನು ಸ್ವಲ್ಪ ನೆನೆಯೋಣ. ಶಿಂಷಾ ನದಿ ತುಮಕೂರು ತಾಲ್ಲೂಕಿನ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುವುದು. ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಯ ಅಂಗಳ. ಇದನ್ನು ಕಟ್ಟಿಸಿದ ಹಿರಿಯರು ಮೇಲಿನ ಊರಿನವರು ಉಳಿಸಿದ್ದು ಕೆಳಗಿನ ಊರಿನವರಿಗೆ ಸಲ್ಲಲಿ ಎಂದು ಯೋಚಿಸಿದ್ದರು. ಮೇಲಿನವರು ಬೆರೆಸಿದ್ದೂ ಕೆಳಗಿನವರಿಗೆ ಸಲ್ಲುವುದೆಂಬುದು ಅವರ ಕಾಲದಲ್ಲಿ ಯೋಚಿಸಬೇಕಾದ ಸಂಗತಿಯಾಗಿರಲಿಲ್ಲ. ಈಗ ಈ ಜಿಲ್ಲೆಯಲ್ಲಿ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ, ಕುಣಿಗಲ್ ಬಳಿಯ ಅಂಚೇಪಾಳ್ಯ ಮೊದಲಾದೆಡೆಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಆರಂಭವಾಯಿತು. ಇವುಗಳಿಂದ ನಮ್ಮ ಮಕ್ಕಳಿಗೆ ಕೆಲಸ ದೊರೆತಿದೆ. ಯಾವ ಕಾರ್ಖಾನೆಯ ಮೇಲೆಯೂ ನಾವು ಇಲ್ಲಿ ದೂರು ಹೇಳುತ್ತಿಲ್ಲ. ಆದರೆ ಲೋಹಕ್ಕೆ ಹೊಳಪಿನ ಲೇಪ ಕೊಡುವುದು, ಬ್ಯಾಟರಿ ಒಡೆದು ಸೀಸ ಕರಗಿಸುವುದು, ಚರ್ಮ ಹದಮಾಡುವುದು, ಬಣ್ಣ ತಯಾರಿಸುವುದು, ಇಂಥ ಕಸುಬು ಎಲ್ಲಿದ್ದರೂ ಅದರ ತೊಳೆನೀರಿನಲ್ಲಿ ಲೋಹವಿರುವುದು ಆ ಕಸುಬಿನ ಸ್ವಭಾವ. ಆ ನೀರು ಎತ್ತ ಹೋಗುವುದೆಂದು ಕೇಳುವುದು ದ್ವೇಷವಲ್ಲ.

ಇನ್ನು ಇದ್ದಲಿನ ವಿಚಾರ. ಈಚೆಗೆ ಕುಣಿಗಲ್ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ಹಿರಿಯ ತೋಟಗಾರರೊಬ್ಬರು, "ಸ್ವಾಮಿ, ನಮ್ಮ ತಾಯಿ ಮೂರು ಗಡಿಗೆಯನ್ನು ಒಂದರ ಮೇಲೊಂದು ಇಟ್ಟು, ಮರಳು, ಜಲ್ಲಿ, ಇದ್ದಲು ಹಾಕಿ ನೀರು ಸೋಸುತ್ತಿದ್ದರು. ಈಗ ಅದನ್ನೇ ಸಾವಿರಾರು ರೂಪಾಯಿಗೆ ಮಾರುತ್ತಾರಲ್ಲ, ಒಲೆಯ ಇದ್ದಲಿಗೂ ಅದಕ್ಕೂ ಏನು ಭೇದ?" ಎಂದು ಕೇಳಿದರು. ಪ್ರಶ್ನೆ ಬಹಳ ಒಳ್ಳೆಯದು. ಒಲೆಯ ಇದ್ದಲಿನ ರಂಧ್ರಗಳು ಕಡಮೆ. ಇದ್ದವುಗಳಲ್ಲಿಯೂ ಹೆಚ್ಚಿನವು ಬೂದಿಯಿಂದಲೂ ಡಾಮರಿನಂಥ ಅಂಟಿನಿಂದಲೂ ಮುಚ್ಚಿಕೊಂಡಿರುವುವು. ತೆಂಗಿನ ಚಿಪ್ಪನ್ನು ಗಾಳಿ ಕಡಮೆಯಿರುವಂತೆ ಸುಟ್ಟು ಮೊದಲು ಇದ್ದಲು ಮಾಡಿ, ಅದನ್ನು ಮತ್ತೆ ಕುಲುಮೆಯಲ್ಲಿ 800ರಿಂದ 1000 ಡಿಗ್ರಿಯ ಶಾಖದಲ್ಲಿ ನೀರಾವಿಗೆ ಒಡ್ಡಿದರೆ, ಆವಿಯು ಇದ್ದಲಿನ ಒಡಲನ್ನು ಅಲ್ಲಲ್ಲಿ ತಿಂದು ಕಣ್ಣಿಗೆ ಕಾಣದ ಅಸಂಖ್ಯ ಸುರಂಗಗಳನ್ನು ಕೊರೆಯುವುದು. ಇದನ್ನೇ ವ್ಯಾಪಾರದವರು ಆಕ್ಟಿವೇಟೆಡ್ ಕಾರ್ಬನ್ ಎನ್ನುವರು; ನಾವು ಹದಗೊಳಿಸಿದ ಇದ್ದಲು ಎಂದು ಕರೆಯೋಣ. ಹೀಗೆ ಹದಗೊಂಡ ಇದ್ದಲಿನ ಒಂದೇ ಒಂದು ಗ್ರಾಮಿನೊಳಗಣ ಗೋಡೆಗಳನ್ನೆಲ್ಲ ಹರಡಿ ಅಳೆಯಲಾದರೆ ಸುಮಾರು ಸಾವಿರ ಚದರ ಮೀಟರಾಗುವುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ ಜಮೀನು. ನೀರಿನಲ್ಲಿರುವ ವಸ್ತು ಈ ಗೋಡೆಗಳಿಗೆ ಅಂಟಿಕೊಳ್ಳುವುದು. ಇದನ್ನು ಶಾಸ್ತ್ರಜ್ಞರು ಅಧಿಶೋಷಣೆ ಎನ್ನುವರು. ಬಟ್ಟೆ ನೀರನ್ನು ಕುಡಿಯುವಂತೆ ಒಳಗೆ ಹೀರುವುದಲ್ಲ ಇದು. ಜೇಡರ ಬಲೆಗೆ ನೊಣ ಸಿಕ್ಕಂತೆ ಮೈಗೆ ಹತ್ತಿಕೊಳ್ಳುವುದು. ಬಲೆ ತುಂಬಿದ ಮೇಲೆ ಮುಂದಿನ ನೊಣಕ್ಕೆ ಜಾಗವಿಲ್ಲ. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇದ್ದಲಿಗೆ ಈ ಗುಣವುಂಟೆಂಬುದು ಹೊಸ ಶೋಧವಲ್ಲ. ರಷ್ಯಾ ದೇಶದಲ್ಲಿ ಲೋವಿಟ್ಸ್ ಎಂಬ ಔಷಧಶಾಸ್ತ್ರಜ್ಞನು 1785ರಲ್ಲಿಯೇ ಇದ್ದಲು ದ್ರವದ ಬಣ್ಣವನ್ನು ತೆಗೆಯುವುದನ್ನು ಕಂಡನು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲವನ್ನು ತಡೆಯುವ ಮುಖವಾಡಗಳಿಗೆ ತೆಂಗಿನ ಚಿಪ್ಪಿನ ಇದ್ದಲು ಎಲ್ಲಕ್ಕಿಂತ ಮೇಲೆಂದು ತಿಳಿದುಬಂತು. ಚಿಪ್ಪು ಗಟ್ಟಿ, ಅದರ ಇದ್ದಲು ಪುಡಿಯಾಗದು, ರಂಧ್ರಗಳು ಬಹು ಸಣ್ಣವು. ತಿಪಟೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ಉಂಡೆ ಕೊಬ್ಬರಿ ತೆಗೆಯುವವರು ಒಡೆದ ಚಿಪ್ಪನ್ನು ನೀರೊಲೆಗೆ ಹಾಕುವರು, ಇಲ್ಲವೇ ಬಂದ ಬೆಲೆಗೆ ಮಾರುವರು. ಅದೇ ಚಿಪ್ಪು ದೂರದ ಊರುಗಳಲ್ಲಿ ಹದಗೊಂಡು, ಡಬ್ಬಿಯೊಳಗೆ ಸೇರಿ, ಹಲವು ಮಡಿ ಬೆಲೆಗೆ ನಮ್ಮ ಮನೆಗೇ ಹಿಂದಿರುಗುವುದು. ತೆಂಗು ಬೆಳೆಯುವ ನಾಡಿನವರಿಗೆ ಇದು ಗೌರವದ ಸಂಗತಿಯೇನೂ ಅಲ್ಲ. ಸಾವಿರ ಕಾಯಿಯ ಚಿಪ್ಪಿನಿಂದ ಗುಂಡಿಯ ಪದ್ಧತಿಯಲ್ಲಿ ಸುಮಾರು 35 ಕಿಲೋಗ್ರಾಂ ಇದ್ದಲು ಬರುವುದೆಂದೂ, ಮೂರು ಪಾಲು ಇದ್ದಲನ್ನು ಹದಗೊಳಿಸಿದರೆ ಉಳಿಯುವುದು ಹೆಚ್ಚು ಕಡಮೆ ಒಂದು ಪಾಲೆಂದೂ ಲೆಕ್ಕವಿದೆ. ಗುಂಡಿಯಲ್ಲಿ ಸುಡುವಾಗ ಏಳುವ ಹೊಗೆ ನೆರೆಯವರ ಕಣ್ಣು ಕೆಡಿಸುವುದೆಂಬ ಆಕ್ಷೇಪವೂ ನಿಜವೇ. ಆ ವಿಚಾರಕ್ಕೆ ಬೇರೆ ಲೇಖನವೇ ಬೇಕು.

ಈಗ ಈ ಇದ್ದಲು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಲೆಕ್ಕಕ್ಕಾಗಿ ಒಂದು ಊರಿನ ಬಾವಿಯ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಸೀಸವಿದೆ ಎಂದು ಇಟ್ಟುಕೊಳ್ಳಿ. ಯಾವುದೇ ಊರಿನ ಬಾವಿಯನ್ನು ಕುರಿತು ಹೇಳಿದ ಮಾತಲ್ಲ. ನಿಯಮಕ್ಕೆ ಇಳಿಸಬೇಕಾದರೆ ಲೀಟರಿನಿಂದ 0.04 ಮಿಲಿಗ್ರಾಂ ತೆಗೆಯಬೇಕು. ಊರಿನಲ್ಲಿ ಸಾವಿರ ಜನ, ಕುಡಿಯುವುದಕ್ಕೂ ಅಡಿಗೆಗೂ ತಲೆಗೆ ಐದು ಲೀಟರು, ಅಂದರೆ ದಿನಕ್ಕೆ ಐದು ಸಾವಿರ ಲೀಟರು. ತೆಗೆಯಬೇಕಾದ ಸೀಸ 200 ಮಿಲಿಗ್ರಾಂ. ಇಷ್ಟು ತೆಳುವಾದ ನೀರಿನಲ್ಲಿ ಒಂದು ಗ್ರಾಂ ಇದ್ದಲು ಒಂದು ಮಿಲಿಗ್ರಾಂ ಹಿಡಿಯುವುದೆಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ದಿನಕ್ಕೆ 200 ಗ್ರಾಂ, ವರುಷಕ್ಕೆ 73 ಕಿಲೋಗ್ರಾಂ ಹದಗೊಳಿಸಿದ ಇದ್ದಲು ಸಾಕು. ಅದಕ್ಕೆ ಬೇಕಾದ ಕಾಯಿಯ ಚಿಪ್ಪು ಆರು ಸಾವಿರ ಚಿಲ್ಲರೆ. ಒಂದೂವರೆ ಎಕರೆಯೊಳಗಿನ ತೋಟದ ಒಂದು ವರುಷದ ಚಿಪ್ಪು ಸಾವಿರ ಜನರ ಕುಡಿಯುವ ನೀರಿಗೆ ಆಯಿತು ಎಂದಂತಾಯಿತು. ಗಡುಸು ನೀರಿನಲ್ಲಿ ಸುಣ್ಣದ ಅಂಶವೂ ಅದೇ ಗೋಡೆಗೆ ಹತ್ತಿಕೊಳ್ಳಲು ನುಗ್ಗುವುದರಿಂದ ಇದರ ಎರಡು ಮೂರು ಪಟ್ಟು ಬೇಕಾಗಬಹುದು, ಆದರೂ ಅಸಾಧ್ಯವಾದದ್ದೇನಲ್ಲ.

ಅದೇ ನೀರನ್ನು ಗದ್ದೆಗೆ ಬಿಡುವುದಾದರೆ? ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು ಒಂದು ಲಕ್ಷ ಲೀಟರಿಗೂ ಮೀರುವುದು. ಹಿಂದಿನ ಪ್ರಮಾಣದಲ್ಲಿಯೇ ಆ ಒಂದು ಅಂಗುಲಕ್ಕೆ ನಾಲ್ಕು ಕಿಲೋಗ್ರಾಮಿಗೆ ಮೇಲ್ಪಟ್ಟು ಇದ್ದಲು ಬೇಕು. ಬತ್ತದ ಒಂದು ಬೆಳೆಗೆ 40 ಅಂಗುಲವೆಂದರೂ ಎಕರೆಗೆ 160 ಕಿಲೋಗ್ರಾಮಿಗೂ ಹೆಚ್ಚು. ಹದಿನಾಲ್ಕು ಸಾವಿರ ಕಾಯಿಯ ಚಿಪ್ಪು. ಕುಣಿಗಲ್ ದೊಡ್ಡಕೆರೆಯ ಅಚ್ಚುಕಟ್ಟಿಗೆಲ್ಲ ಹೀಗೆ ಲೆಕ್ಕ ಹಾಕಿದರೆ ಎಷ್ಟಾಗುವುದೆಂಬುದನ್ನು ವಾಚಕರೇ ಊಹಿಸಬಹುದು. ಕೆರೆಯ ಅಂಗಳದಲ್ಲಿ ಇದ್ದಲಿನ ಮೂಟೆಗಳನ್ನು ಮುಳುಗಿಸಿ ನೀರನ್ನು ಶುದ್ಧಮಾಡುವೆವೆಂದು ಯೋಜನೆ ತರುವವರು ಇನ್ನು ಮುಂದೆ ಯಾರಾದರೂ ಬಂದರೆ, ಪಂಚಾಯತಿಯವರು ಈ ಲೆಕ್ಕವನ್ನು ಅವರ ಮುಂದೆ ಇಟ್ಟು ಉತ್ತರ ಕೇಳಬಹುದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಇದ್ದಲಿನ ಸರಿಯಾದ ಸ್ಥಾನ ಕೆರೆಯಲ್ಲ. ಕಾರ್ಖಾನೆಯ ತೊಳೆನೀರು ಹೊರಬೀಳುವ ಬಾಯಿ. ಅದಕ್ಕೆ ಕಾರಣಗಳಿವೆ. ಅಲ್ಲಿ ನೀರು ಕಡಮೆ, ಲೋಹ ಹೆಚ್ಚು. ಲೋಹ ಗಟ್ಟಿಯಾಗಿರುವ ನೀರಿನಲ್ಲಿ ಅದೇ ಒಂದು ಗ್ರಾಂ ಇದ್ದಲು ತೆಳು ನೀರಿನಲ್ಲಿ ಹಿಡಿಯುವುದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುವುದು. ಇದು ಅಧಿಶೋಷಣೆಯ ಸಹಜ ಧರ್ಮ. ಮೊದಲು ಸುಣ್ಣ ಹಾಕಿ ಲೋಹದ ದೊಡ್ಡ ಪಾಲನ್ನು ಗಸಿಯಾಗಿ ಇಳಿಸಿ, ಉಳಿದ ಸಣ್ಣ ಪಾಲನ್ನು ಇದ್ದಲಿನಿಂದ ಹಿಡಿದರೆ ಖರ್ಚೂ ಮಿತಿಯಲ್ಲಿರುವುದು. ನೀರಿನ ಹುಳಿಯನ್ನು ಬೇಕಾದ ಹದಕ್ಕೆ ತರುವುದು ಕಾರ್ಖಾನೆಯ ತೊಟ್ಟಿಯಲ್ಲಿ ಸಾಧ್ಯ, ಕೆರೆಯಲ್ಲಿ ಸಾಧ್ಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ವಿಷ ಹೊತ್ತ ಇದ್ದಲು ಒಂದೆಡೆಯಲ್ಲಿದ್ದರೆ ಅದರ ಲೆಕ್ಕ ಕೇಳಬಹುದು. ಸಾವಿರ ಮನೆಗಳ ಗಡಿಗೆಯಲ್ಲಿ ಹಂಚಿಹೋದರೆ ಕೇಳುವವರಾರು?

ಕಾಯಿದೆ ಇದಕ್ಕೆ ಸಾಲದೇ ಎಂದು ಕೇಳಬಹುದು. 1974ರ ಜಲಮಾಲಿನ್ಯ ನಿವಾರಣಾ ಕಾಯಿದೆಯೂ, ಅದರಂತೆ ನಡೆಯುತ್ತಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯೂ ಇವೆ. ಆದರೆ ಕೆರೆ ಹೊಳೆಗಳಿಗೆ ಬಿಡುವ ಕೈಗಾರಿಕೆಯ ನೀರಿಗೆ ಇರುವ ಸಾಮಾನ್ಯ ಮಿತಿಯನ್ನೂ ಕುಡಿಯುವ ನೀರಿನ ಮಿತಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಹೊಳೆಯುವುದು. ಹೊರಬಿಡುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂ ಇರಬಹುದು. ಇದು ಕುಡಿಯುವ ನೀರಿನ ಮಿತಿಯ ನಲವತ್ತರಷ್ಟು. ನಿಕಲ್ 3 ಮಿಲಿಗ್ರಾಂ ಇರಬಹುದು, ಇದು ನೂರೈವತ್ತರಷ್ಟು. ಬಿಟ್ಟ ನೀರು ದೊಡ್ಡ ಹೊಳೆಯಲ್ಲಿ ಬೆರೆತು ತೆಳುವಾಗುವುದೆಂಬ ಭರವಸೆಯ ಮೇಲೆ ಈ ಅಂತರ ನಿಂತಿದೆ. ವರುಷವಿಡೀ ತುಂಬಿ ಹರಿಯುವ ನದಿಗೆ ಈ ಮಾತು ಸಲ್ಲಬಹುದು. ಚೈತ್ರ ವೈಶಾಖದಲ್ಲಿ ಅಂಗಳ ಬಿರಿದು, ನಡುವಿನ ಹೊಂಡದಲ್ಲಿ ಮಾತ್ರ ದನ ನೀರು ಕುಡಿಯುವ ನಮ್ಮ ಕೆರೆಗಳಲ್ಲಿ ತೆಳುವಾಗುವುದಕ್ಕೆ ನೀರೆಲ್ಲಿ? ಕೆರೆಯ ನೀರು ಬಿಸಿಲಿಗೆ ಆರುವುದು, ಲೋಹ ಆರದು. ವರುಷ ವರುಷವೂ ಗೋಡಿನಲ್ಲಿ ಕೂಡುತ್ತ ಹೋಗುವುದು. ಆ ಗೋಡನ್ನೇ ನಾವು ಬೇಸಗೆಯಲ್ಲಿ ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುವೆವು. ಕೆರೆಗಳ ಸೀಮೆಗೆ ನದಿಗಳ ಸೀಮೆಯ ಅಳತೆ ಒಪ್ಪದೆಂಬುದನ್ನು ಸರ್ಕಾರವು ಗಮನಿಸಿ, ಕೆರೆಯ ಜಲಾನಯನದೊಳಗಿನ ಕಸುಬುಗಳಿಗೆ ಇನ್ನೂ ಬಿಗಿಯಾದ ಮಿತಿಯನ್ನು ಇಡತಕ್ಕದ್ದೆಂದು ನಾವು ವಿನಯದಿಂದ ಹೇಳುವೆವು. ಇಲಾಖೆಯ ಪತ್ರಿಕೆಯಲ್ಲಿಯೇ ಇದನ್ನು ಬರೆಯುವುದು ಅನುಚಿತವಲ್ಲವೆಂದು ಭಾವಿಸುತ್ತೇವೆ.

ಇದ್ದಲಿನ ಮಿತಿಯನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಯಾತಕ್ಕೆಂದರೆ ಡಬ್ಬಿ ಮಾರುವವರು ಹೇಳುವುದಿಲ್ಲ. ಸೀಸ, ಕ್ಯಾಡ್ಮಿಯಂ, ನಿಕಲ್ ಮೊದಲಾದವನ್ನು ಇದ್ದಲು ನೀರು ತುಸುವೇ ಹುಳಿಯಾಗಿರುವಾಗ ಚೆನ್ನಾಗಿ ಹಿಡಿಯುವುದು. ಲೇಪನದ ಕಸುಬಿನಿಂದ ಬರುವ ಅತಿ ವಿಷದ ಕ್ರೋಮಿಯಂ ಆದರೆ ನೀರು ನಿಂಬೆಹಣ್ಣಿನ ರಸದಷ್ಟು ಹುಳಿಯಿದ್ದಾಗ ಮಾತ್ರ ಚೆನ್ನಾಗಿ ಸಿಕ್ಕುವುದು. ನಮ್ಮ ಕೊಳವೆಬಾವಿಗಳ ಚೌಳು ಮಿಶ್ರವಾದ ನೀರಿನಲ್ಲಿ ಬಹು ಪಾಲು ತಪ್ಪಿಸಿಕೊಳ್ಳುವುದು. ಪಾಷಾಣಕ್ಕೆ ಬರಿಯ ಇದ್ದಲು ಸಾಲದು. ಇದ್ದಲಿಗೆ ಕಬ್ಬಿಣದ ತುಕ್ಕಿನಂಥ ವಸ್ತುವನ್ನು ಲೇಪಿಸಿದರೆ ಕೆಲಸ ಮಾಡುವುದು. ಪಾವಗಡ, ಸಿರಾ, ಮಧುಗಿರಿಯ ಕಡೆ ಹಲ್ಲು ಕಲೆಗಟ್ಟಿಸುವ ಫ್ಲೋರೈಡು ಲೋಹವೇ ಅಲ್ಲ. ಅದಕ್ಕೆ ತೆಂಗಿನ ಚಿಪ್ಪಿನ ಇದ್ದಲಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಮೂಳೆಯ ಇದ್ದಲು, ಹದಗೊಳಿಸಿದ ಅಲ್ಯುಮಿನಾ, ಇಲ್ಲವೇ ಪಟಕ ಸುಣ್ಣದ ಪದ್ಧತಿ ಬೇರೆ ಇವೆ.

ಇನ್ನೊಂದು ಲೋಹದ ಮಾತು ಕಾರ್ಖಾನೆಗೆ ಸೇರಿದ್ದಲ್ಲ, ಬಂಡೆಗೆ ಸೇರಿದ್ದು. ತುಮಕೂರೂ ಸೇರಿದಂತೆ ಪೂರ್ವ ಕರ್ನಾಟಕದ ಜಿಲ್ಲೆಗಳ 73 ಹಳ್ಳಿಗಳ ಅಂತರ್ಜಲವನ್ನು ವಿಜ್ಞಾನಿಗಳು ಪರೀಕ್ಷಿಸಿ 2021ರಲ್ಲಿ ಕರೆಂಟ್ ಸೈನ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿ, 57 ಹಳ್ಳಿಗಳ ನೀರಿನಲ್ಲಿ ಯುರೇನಿಯಂ ಲೀಟರಿಗೆ 0.03 ಮಿಲಿಗ್ರಾಮನ್ನು ಮೀರಿತ್ತೆಂದು ತೋರಿಸಿದ್ದಾರೆ. ನಮ್ಮ ಕಗ್ಗಲ್ಲಿನ ಬಂಡೆಗಳಲ್ಲಿ ಈ ಲೋಹ ಸಹಜವಾಗಿಯೇ ಉಂಟು. ಕೊಳವೆಬಾವಿ ಆಳಕ್ಕೆ ಇಳಿದಂತೆ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರನ್ನು ನಾವು ಎತ್ತುವೆವು; ಅದರೊಡನೆ ಇದೂ ಬರುವುದು. ಸುಣ್ಣದ ಅಂಶವುಳ್ಳ ನೀರಿನಲ್ಲಿ ಯುರೇನಿಯಂ ಎಂಥ ರೂಪ ತಾಳುವುದೆಂದರೆ ಸಾಮಾನ್ಯ ಇದ್ದಲಿಗೆ ಅದು ಸುಲಭವಾಗಿ ಅಂಟದು. ಊರಿನ ಶುದ್ಧ ನೀರಿನ ಘಟಕಗಳಲ್ಲಿ ಇರುವ ಆರ್.ಓ. ಪೊರೆಯೇ ಅದನ್ನು ತಡೆಯಬೇಕು. ಆ ಘಟಕದಲ್ಲಿಯೂ ಪೊರೆಗೆ ಮೊದಲು ಇದ್ದಲಿನ ಕೊಳವೆ ಇರುವುದಷ್ಟೆ. ಅದರ ಕೆಲಸ ಕ್ಲೋರಿನ್ನನ್ನೂ ವಾಸನೆಯನ್ನೂ ತೆಗೆದು ಪೊರೆಯನ್ನು ಕಾಯುವುದು. 'ಇದ್ದಲಿದೆಯಲ್ಲ' ಎಂದು ಕೆಟ್ಟ ಪೊರೆಯನ್ನು ಬದಲಾಯಿಸದೆ ಘಟಕ ನಡೆಸುವುದು ತಪ್ಪು.

ಹಿಡಿದ ವಿಷ ಎಲ್ಲಿಗೆ ಹೋಯಿತು ಎಂಬುದನ್ನು ಬಹು ಜನ ಕೇಳುವುದೇ ಇಲ್ಲ. ಇದ್ದಲು ಲೋಹವನ್ನು ನಾಶಮಾಡದು, ಕಾಯ್ದಿಡುವುದು. ಬಲೆ ತುಂಬಿದ ಮೇಲೂ ಅದೇ ಇದ್ದಲನ್ನು ಬಳಸುತ್ತಿದ್ದರೆ ಹೊಸ ಲೋಹ ನಿಲ್ಲದು. ನೀರಿನ ಹುಳಿ ಬದಲಾದರೆ ಹಿಡಿದದ್ದನ್ನೂ ಕೆಲವು ಸಲ ಬಿಟ್ಟುಕೊಡುವುದು. ಹಳೆಯ ಇದ್ದಲನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲಕ್ಕೆ ಹೋಗುವುದು. ಒಲೆಗೆ ಹಾಕಿದರೆ ಲೋಹ ಬೂದಿಯಲ್ಲಿ ಉಳಿಯುವುದು, ಪಾದರಸವಾದರೆ ಹೊಗೆಯಲ್ಲಿ ಏರುವುದು. ಆ ಬೂದಿಯಿಂದ ಪಾತ್ರೆ ಬೆಳಗುವವರೂ ಇದ್ದಾರೆ. ಆರ್.ಓ. ಘಟಕದಿಂದ ಚರಂಡಿಗೆ ಹರಿಯುವ ಬಿಡುನೀರಿನ ಸ್ಥಿತಿಯೂ ಇದೇ. ಪೊರೆ ತಡೆದುದೆಲ್ಲ ಅದರಲ್ಲಿ ಗಟ್ಟಿಯಾಗಿ ಕೂಡಿರುವುದು. ಅದನ್ನು ದನದ ತೊಟ್ಟಿಗೆ ತಿರುಗಿಸಿ ನೀರು ಉಳಿಸಿದೆವೆಂದು ಸಂತೋಷಪಡುವ ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಕಾರ್ಖಾನೆಯ ಅಪಾಯಕರ ಕಸವನ್ನು ಕಟ್ಟುನಿಟ್ಟಾಗಿ ಹೂಳುವುದಕ್ಕಾಗಿಯೇ ನಮ್ಮ ನೆರೆಯ ದಾಬಸ್‌ಪೇಟೆಯಲ್ಲಿ ಒಂದು ನೆಲೆಯನ್ನು ನಿರ್ಮಿಸಲಾಯಿತು. ತನ್ನ ಬಳಸಿದ ಇದ್ದಲೂ ಗಸಿಯೂ ಯಾವ ದಿನ ಎಷ್ಟು ತೂಕ ಅಂಥ ನೆಲೆಗೆ ಹೋಯಿತೆಂಬ ಚೀಟಿಯನ್ನು ತೋರಿಸಲಾರದ ಕಾರ್ಖಾನೆಯ ಶುದ್ಧೀಕರಣವನ್ನು ನಾವು ನಂಬಲಾರೆವು.

ಬೇರೆಯವರ ತಪ್ಪನ್ನೇ ಹೇಳುತ್ತ ಹೋಗುವುದು ಸರಿಯಲ್ಲ. ಟ್ರಾಕ್ಟರಿನ ಹಳೆಯ ಬ್ಯಾಟರಿಯನ್ನು ಹಿತ್ತಿಲಲ್ಲಿ ಒಡೆದು ಆಮ್ಲವನ್ನು ಬಾವಿಯ ಪಕ್ಕದಲ್ಲಿ ಚೆಲ್ಲುವವರು ನಮ್ಮಲ್ಲಿಯೇ ಉಂಟು. ಸೀಸದಿಂದ ಎಲ್ಲರಿಗಿಂತ ಹೆಚ್ಚು ಕೆಡುವುದು ಎಳೆಯ ಮಕ್ಕಳ ಬುದ್ಧಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯಲ್ಲಿ ಬಳಕೆಗೆ ತಂದ ಡಾಕ್ಟರ್ ಕೋಲ್ಮನ್ನರ ಉಪಕಾರ ದೊಡ್ಡದು. ಆದರೆ ಆ ದ್ರಾವಣದಲ್ಲಿರುವುದು ತಾಮ್ರ. ಸಿಂಪಡಿಸಿದ ಪಂಪನ್ನು ಕುಡಿಯುವ ನೀರಿನ ಬಾವಿಯ ಕಟ್ಟೆಯ ಮೇಲೆ ತೊಳೆಯಬೇಕೆಂದು ಅವರು ಎಲ್ಲಿಯೂ ಹೇಳಿಲ್ಲ.

ಗ್ರಾಮದ ಮುಖಂಡರು ಮೊದಲು ಮಾಡತಕ್ಕದ್ದು ಪರೀಕ್ಷೆ. ಪಂಚಾಯತಿಗಳಿಗೆ ಕೊಟ್ಟಿರುವ ಸಣ್ಣ ಪರೀಕ್ಷೆಯ ಪೆಟ್ಟಿಗೆಗಳಿಂದ ಸಾಮಾನ್ಯವಾಗಿ ಗಡಸುತನ, ಫ್ಲೋರೈಡು, ನೈಟ್ರೇಟು, ಕಬ್ಬಿಣ, ಕ್ಲೋರಿನ್ ಮೊದಲಾದವು ತಿಳಿಯುವುವೇ ಹೊರತು ಸೀಸ ಕ್ಯಾಡ್ಮಿಯಂಗಳು ತಿಳಿಯವು. ಪೆಟ್ಟಿಗೆಯಲ್ಲಿ ನೀರು ಒಳ್ಳೆಯದೆಂದು ಬಂತೆಂದು ಲೋಹಗಳಿಲ್ಲವೆಂದು ತಿಳಿಯಬಾರದು. ಲೋಹಗಳ ಹೆಸರು ಬರೆದು ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಬೇಕು. ನೀರು ತುಂಬುವ ಸೀಸೆಯನ್ನು ಪ್ರಯೋಗಾಲಯದಿಂದಲೇ ತರಬೇಕು. ಅದನ್ನು ಆಮ್ಲದಿಂದ ತೊಳೆದಿರುವರು, ಲೋಹ ಗೋಡೆಗೆ ಅಂಟದಂತೆ ಸ್ವಲ್ಪ ಆಮ್ಲವನ್ನೂ ಹಾಕುವರು. ಬ್ರಾಂದಿಯ ಸೀಸೆಯಲ್ಲಿಯೋ ಎಣ್ಣೆಯ ಡಬ್ಬಿಯಲ್ಲಿಯೋ ನೀರು ಒಯ್ದರೆ ಡಬ್ಬಿಯ ಪರೀಕ್ಷೆಯಾದೀತು, ಬಾವಿಯದಲ್ಲ. ಕೊಳವೆಬಾವಿಯಾದರೆ ಹತ್ತು ನಿಮಿಷ ನೀರು ಹರಿಯಬಿಟ್ಟು ಹಿಡಿಯಬೇಕು. ಕೆರೆ ಬತ್ತುವ ಬೇಸಗೆಯ ಕೊನೆಗೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ, ಹೀಗೆ ವರುಷಕ್ಕೆ ಎರಡು ಸಲವಾದರೂ ಆಗಬೇಕು. ಫಲಿತಾಂಶವನ್ನು ಕಚೇರಿಯ ಬೀರುವಿನಲ್ಲಿಡದೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಪಂಚಾಯತಿಯ ಗೋಡೆಗೆ ಅಂಟಿಸಬೇಕು.

ಊರಿನ ಎಲ್ಲೆಯಲ್ಲಿ ಕಾರ್ಖಾನೆ ಕಟ್ಟುವವರ ಅರ್ಜಿ ಪಂಚಾಯತಿಯ ಮುಂದೆ ಬಂದಾಗ, ಎಷ್ಟು ಜನಕ್ಕೆ ಕೆಲಸ ಕೊಡುವಿರಿ ಎಂದು ಕೇಳುವುದರ ಜತೆಗೆ, ತೊಳೆನೀರು ದಿನಕ್ಕೆ ಎಷ್ಟು, ಅದರಲ್ಲಿ ಯಾವ ಲೋಹಗಳು, ಅವನ್ನು ಯಾವುದರಿಂದ ಹಿಡಿಯುವಿರಿ, ಹಿಡಿದದ್ದನ್ನು ಎಲ್ಲಿಗೆ ಕಳುಹಿಸುವಿರಿ ಎಂದೂ ಕೇಳಿ ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಕೆಳಗಿನ ಕೆರೆಯ ಅಚ್ಚುಕಟ್ಟುದಾರರನ್ನೂ, ಅವರು ಬೇರೆ ಪಂಚಾಯತಿಗೋ ಬೇರೆ ತಾಲ್ಲೂಕಿಗೋ ಸೇರಿದವರಾದರೂ, ಆ ದಿನದ ಸಭೆಗೆ ಕರೆಯಿಸುವುದು ಯುಕ್ತ. ಗುಬ್ಬಿಯವರ ಸಭೆಯಲ್ಲಿ ಕುಣಿಗಲ್ಲಿನವರಿಗೆ ಏನು ಕೆಲಸ ಎಂದು ಯಾರಾದರೂ ಆಕ್ಷೇಪಿಸಿದರೆ, ಶಿಂಷಾ ನದಿ ಎತ್ತ ಹರಿಯುವುದೆಂದು ಅವರನ್ನು ಕೇಳಬಹುದು.